ಪಕ್ಕದ ಮನೆಗೆ ಹೇಳಿದ ಬೆಲೆ

ನಲ್ಲಿ ಸರಿಯಾಗಿ ಮುಚ್ಚಿಲ್ಲ, ಅಡುಗೆಮನೆಯಲ್ಲಿ ಹನಿ ಬೀಳುತ್ತಿದೆ, ಬೋರಲು ಹಾಕಿದ ಸ್ಟೀಲ್ ಪಾತ್ರೆಯ ಮೇಲೆ ಬೀಳುತ್ತಿರಬೇಕು, ಸದ್ದು ತೆಳ್ಳಗಿದೆ, ಒಂದು ಹನಿ, ಸ್ವಲ್ಪ ತಡೆದು ಇನ್ನೊಂದು, ಇಲ್ಲಿ ಕೂತವರಲ್ಲಿ ಬೇರೆ ಯಾರಿಗೂ ಅದು ಕೇಳಿಸುತ್ತಿಲ್ಲ, ಮಾವ ಬ್ರೋಕರ್ ಜೊತೆ ಲಿಫ್ಟಿನ ರಿಪೇರಿ ಬಗ್ಗೆ ಮಾತಾಡುತ್ತಿದ್ದಾರೆ, ಅತ್ತೆ ಟೀಚರ ಮಂಡಿನೋವಿನ ಬಗ್ಗೆ, ನನಗೆ ಮಾತ್ರ ಹನಿ, ಅದು ಕಸುಬಿನ ದೋಷ, ದಿನವಿಡೀ ಹನಿ ನೋಡುವುದೇ ನನ್ನ ಕೆಲಸ — ಊರಿನ ನೀರನ್ನು ಬಾಟಲಿಗಳಲ್ಲಿ ತುಂಬಿ ತರುತ್ತಾರೆ, ಅದಕ್ಕೆ ಉದ್ದನೆಯ ಗಾಜಿನ ಕೊಳವೆಯಿಂದ ರಾಸಾಯನಿಕ ಬಿಡುತ್ತೇನೆ, ಹನಿ ಹನಿಯಾಗಿ, ಇನ್ನೊಂದು ಕೈಯಲ್ಲಿ ಫ್ಲಾಸ್ಕ್ ತಿರುಗಿಸುತ್ತಾ, ಬಹಳ ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಒಂದೇ ಒಂದು ಹನಿಗೆ ಅಷ್ಟೂ ನೀರಿನ ಬಣ್ಣ ತಿರುಗುತ್ತದೆ, ತಿರುಗಿದ ಮೇಲೆ ಹಿಂದಕ್ಕೆ ತರಲು ಬರುವುದಿಲ್ಲ, ಚೆಲ್ಲಿ ಹೊಸದಾಗಿ ಶುರುಮಾಡಬೇಕು. ನನ್ನನ್ನು ಮೂರು ಜನರ ಸೋಫಾದ ನಡುವೆ ಕೂರಿಸಿದ್ದಾರೆ, ಎಡಕ್ಕೆ ಅತ್ತೆ, ಬಲಕ್ಕೆ ಮಾವ, ಎದುರಿಗೆ ಬೆತ್ತದ ಕುರ್ಚಿಯಲ್ಲಿ ಟೀಚರ್, ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಬ್ರೋಕರ್, ಎದ್ದು ಹೋಗಬೇಕೆಂದರೆ ಯಾರದಾದರೂ ಮೊಣಕಾಲು ದಾಟಬೇಕು, ನೆರೆಯ ಟೀಚರ್ ಮಾರುತ್ತಿರುವ ಈ ಮನೆಗೆ ಇವತ್ತು ನಾನು ಬೆಲೆ ಹೇಳಬೇಕು, ತರಕಾರಿಗೂ ಚೌಕಾಸಿ ಮಾಡಿ ಗೊತ್ತಿಲ್ಲದವಳು ಒಂದು ಮನೆಗೆ ಬೆಲೆ ಹೇಳಬೇಕು. ಬ್ರೋಕರನಿಗೆ ಈ ಬೀದಿಯಲ್ಲಿ ಒಂದ್ಮಾತು ಎಂದೇ ಹೆಸರು, ಅವನ ಕ್ರಮ ಎಲ್ಲರಿಗೂ ಗೊತ್ತು, ಕೊಳ್ಳುವವರದು ಒಂದು ಮಾತು, ಮಾರುವವರದು ಒಂದು ಮಾತು, ಎಳೆದಾಟ ಇಲ್ಲ, ಹೂಂ ಅಂದರೆ ಹೂಂ, ಊಹೂಂ ಅಂದರೆ ಎಲ್ಲರೂ ಚಪ್ಪಲಿ ಹಾಕಿಕೊಂಡು ಹೊರಡುವುದು, ಆ ಗಿರಾಕಿಯ ಹತ್ತಿರ ಮತ್ತೆ ಆ ಮನೆಯ ಸುದ್ದಿ ಎತ್ತುವುದಿಲ್ಲ, ಇನ್ನು ಬೆಲೆಯೋ, ಮನೆ ಯಾರ ಹೆಸರಿಗೆ ಆಗುತ್ತದೋ ಅವರ ಬಾಯಿಂದಲೇ ಬರಬೇಕು. ಮಾವನಿಗೆ ಆಗಲೇ ಹೇಳಿದ್ದಾನೆ, ಯಜಮಾನ್ರೇ, ನೀವು ಹೇಳಿದ್ರೆ ಲೆಕ್ಕಕ್ಕಿಲ್ಲ, ನಾಳೆ ಮೇಡಂ ನಾನು ಹೇಳೇ ಇಲ್ಲ ಅಂದ್ರೆ ಯಾರನ್ನ ಹಿಡ್ಕೊಳ್ಳಲಿ, ನನ್ನ ಮದುವೆ ಒಂದರಲ್ಲಿ ನನ್ನ ಹೂಂ ನಮ್ಮಪ್ಪ ಅಂದಿದ್ದು, ಅದರ ಫಲ ಇವತ್ತಿಗೂ ಉಣ್ತಿದ್ದೀನಿ, ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ನಾನೂ ನಕ್ಕಿರಬೇಕು, ಕೆನ್ನೆ ಎಳೆದಂತಾಯಿತು.

ಈ ಮನೆಯಲ್ಲಿ ನೋಡುವುದು ಏನಿದೆ, ನಮ್ಮ ಮನೆಯೇ ಕನ್ನಡಿಯಲ್ಲಿ ಕಂಡ ಹಾಗೆ, ನಮ್ಮಲ್ಲಿ ಅಡುಗೆಮನೆ ಎಡಕ್ಕೆ, ಇಲ್ಲಿ ಬಲಕ್ಕೆ, ಅದೇ ಕಿಟಕಿ, ಅದೇ ಬಿಳಿ ಟೈಲ್ಸ್, ಮೂಲೆಯಲ್ಲಿ ಅದೇ ತೇವದ ಕಲೆ, ನಮ್ಮ ಮನೆ ಅಂದರೆ ಅತ್ತೆ ಮಾವನ ಮನೆ, ಮದುವೆಯಾದ ಮೇಲೆ ಸ್ವಲ್ಪ ದಿನದ ಮಟ್ಟಿಗೆ ಅಂತ ಬಂದವರು ನಾವು, ನಮ್ಮದೇ ಒಂದು ಸಿಗುವ ತನಕ, ಈಗ ನಾನೊಬ್ಬಳೇ ಸ್ವಲ್ಪ ದಿನದ ಮಟ್ಟಿಗೆ ಇದ್ದೇನೆ. ಎರಡು ಮನೆಗೂ ನಡುವೆ ಒಂದು ಗೋಡೆ, ಆಚೆ ನಾನು ಮಲಗುವ ಕೋಣೆ, ಈಚೆ ಈ ಹಾಲ್, ಮಂಡಿನೋವು ಶುರುವಾದ ಮೇಲೆ ಟೀಚರ್ ಹಾಲಿನಲ್ಲೇ ಮಂಚ ಹಾಕಿಸಿಕೊಂಡಿದ್ದಾರೆ, ಗೋಡೆಗೆ ಒತ್ತಿ, ಆ ಗೋಡೆಗೆ ಬೋರ್ಡ್ ಒರಗಿಸಿ, ಚಿಕ್ಕವನಿದ್ದಾಗ ನನ್ನ ಗಂಡನಿಗೆ ಮಗ್ಗಿ ಹೇಳಿಕೊಟ್ಟಿದ್ದಂತೆ, ಏಳರ ಮಗ್ಗಿ ಬರದೆ ಮಂಚದ ಕೆಳಗೆ ಅವಿತುಕೊಳ್ಳುತ್ತಿದ್ದನಂತೆ, ಇದನ್ನು ಟೀಚರ್ ಹೇಳುವಾಗ ಅತ್ತೆ ಆರರ ಮಗ್ಗಿ ಎಂದು ತಿದ್ದುತ್ತಾರೆ, ಟೀಚರ್ ಒಪ್ಪುವುದಿಲ್ಲ, ಈ ಮಹಡಿಯಲ್ಲಿ ಎಲ್ಲರ ಹತ್ತಿರವೂ ಅವನದೊಂದು ಚೂರು ಇದೆ, ನನಗಿಂತ ಹಳೆಯದು. ಮಾವ ಕೆಲಸದಲ್ಲಿದ್ದಾಗ ಸೇತುವೆಗಳ ನಕ್ಷೆ ಬರೆಯುತ್ತಿದ್ದರು, ಈಗಲೂ ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇರುತ್ತದೆ, ಟೀಚರ್ ಮನೆ ಮಾರುತ್ತಾರಂತೆ, ಮೆಟ್ಟಿಲಿಲ್ಲದ ಮನೆ ಹುಡುಕುತ್ತಿದ್ದಾರಂತೆ ಎಂದು ಗೊತ್ತಾದ ದಿನವೇ ಊಟದ ಮೇಜಿನ ಮೇಲೆ ಹಾಳೆ ಹರಡಿ ಎರಡು ಮನೆಗಳನ್ನೂ ಬರೆದರು, ನಡುವಿನ ಗೆರೆಯಲ್ಲಿ ರಬ್ಬರಿನಿಂದ ಒಂದು ಸಣ್ಣ ಜಾಗ ಅಳಿಸಿದರು, ನೋಡಮ್ಮ, ಇಲ್ಲಿ ಗೋಡೆ ಒಡೆದು ಒಂದು ಬಾಗಿಲು ಇಟ್ರೆ ಆಯ್ತು, ನೀನು ನಿನ್ನ ಮನೇಲಿ, ನಾವು ನಮ್ಮ ಮನೇಲಿ, ಆದ್ರೂ ಎಲ್ಲ ಒಟ್ಟಿಗೆ, ರಬ್ಬರಿನ ಪುಡಿಯನ್ನು ಊದಿದರು. ಅತ್ತೆ ಅಂದರು, ಬೆಳಿಗ್ಗೆ ಕಾಫಿ ಹಿಡ್ಕೊಂಡು ಹೊರಗೆ ಸುತ್ತಿ ಬರೋದೇ ಬೇಡ, ಹೀಗೆ ಕೈ ಚಾಚಿದ್ರೆ ನೀನು. ಕೈ ಚಾಚಿ ತೋರಿಸಿಯೂ ತೋರಿಸಿದರು, ಬೆರಳು ನನ್ನ ಗಲ್ಲಕ್ಕೆ ತಾಗಿತು. ಅವನ ಆಫೀಸಿನಿಂದ ಬಂದ ಹಣ ಬ್ಯಾಂಕಿನಲ್ಲಿದೆ, ಮಾವ ಅಂದರು, ಕಡಿಮೆ ಬಿದ್ದದ್ದನ್ನು ನಾವು ಹಾಕ್ತೀವಿ, ಮನೆ ನಿನ್ನ ಹೆಸರಿಗೇ ಇರಲಿ, ನಮ್ಮ ಕಾಲ ಮುಗಿದ ಮೇಲೆ ಯಾರೂ ನಿನ್ನನ್ನ ಏಳು ಅನ್ನಬಾರದು — ಯಾರು ಹೇಳುತ್ತಾರೆ ಇಂಥ ಮಾತು, ಅಮ್ಮ ಫೋನಿನಲ್ಲಿ ಅದನ್ನೇ ಅಂದಳು, ಬೇರೆ ಕಡೆ ಆಗಿದ್ರೆ ಗಂಟುಮೂಟೆ ಕಟ್ಟಿಸಿ ಕಳಿಸಿರ್ತಿದ್ರು, ಇವರು ಮನೆ ಮಾಡಿಕೊಡ್ತಿದ್ದಾರೆ, ಇನ್ನೇನು ಬೇಕೇ ನಿನಗೆ. ಅವರು ಕೆಟ್ಟವರಾಗಿದ್ದರೆ ಜಗಳ ಕಾದು ಹೊರಡಬಹುದಿತ್ತು, ಒಳ್ಳೆಯವರ ಮನೆಯಿಂದ ಏನು ನೆಪ ಹೇಳಿ ಹೊರಡುವುದು, ಅದಕ್ಕೆ ಯಾವ ಮಾತು ಇದೆ, ನಾನು ಓದಿದ ಯಾವ ತರಗತಿಯಲ್ಲೂ ಅದನ್ನು ಹೇಳಿಕೊಡಲಿಲ್ಲ.

ಟೀಚರ್ ಚಹಾ ತರಲು ಏಳುತ್ತಾರೆ, ಅತ್ತೆ ಅವರ ಭುಜ ಒತ್ತಿ ಕೂರಿಸುತ್ತಾರೆ, ನಿಮ್ಮ ಮಂಡಿ ಮೊದಲೇ ಕಿರುಗುಟ್ಟುತ್ತೆ, ಕೂತ್ಕೊಳ್ಳಿ ಎಂದು ತಾವೇ ಒಳಗೆ ಹೋಗುತ್ತಾರೆ, ನಲ್ಲಿ ತಿರುಗಿಸಿದ ಸದ್ದು, ಅವನು ನಲ್ಲಿಗಳನ್ನೆಲ್ಲ ತಿರುಗಿಸಿ ನೋಡುತ್ತಿದ್ದ, ಮನೆ ನೋಡಲು ಹೋದಲ್ಲೆಲ್ಲ, ಭಾನುವಾರಗಳಲ್ಲಿ ಮನೆ ನೋಡುವುದೇ ನಮಗೆ ಸಿನಿಮಾ, ಕೊಳ್ಳುವ ಶಕ್ತಿ ಇಲ್ಲದ ಮನೆಗಳನ್ನೂ ನೋಡಿದೆವು, ನಲ್ಲಿ ಆದ ಮೇಲೆ ಅವನು ನೆಲದ ಮೇಲೆ ಉದ್ದಕ್ಕೆ ಮಲಗಿಬಿಡುತ್ತಿದ್ದ, ಶರ್ಟ್ ಕೊಳೆಯಾಗುತ್ತೆ ಏಳೋ ಅಂದರೆ ಕೇಳುತ್ತಿರಲಿಲ್ಲ, ಮನೇನ ನಿಂತು ನೋಡಬಾರದು ಕಣೇ, ನಿಂತು ನೋಡಿದ್ರೆ ಎಲ್ಲ ಮನೇನೂ ಚೆನ್ನಾಗೇ ಇರುತ್ತೆ, ಜ್ವರ ಬಂದಾಗ ದಿನಗಟ್ಟಲೆ ನೋಡೋದು ಸೂರನ್ನ, ಅದು ಹೇಗಿದೆ ನೋಡ್ಬೇಕು, ಬಾ, ನೀನೂ ಮಲಗು, ನಾನೂ ಮಲಗಿದೆ, ಇಬ್ಬರೂ ಸೂರು ನೋಡುತ್ತಿದ್ದೇವೆ, ಬಾಗಿಲಲ್ಲಿ ಮಾಲೀಕ ಬಂದು ನಿಂತ, ಸ್ವಾಮೀ, ಇದು ಲಾಡ್ಜ್ ಅಲ್ಲ, ಮಾರೋ ಮನೆ. ನಗು ತಡೆಯಲಾರದೆ ಮೆಟ್ಟಿಲಲ್ಲಿ ಕೂತುಬಿಟ್ಟೆವು. ಆ ಮೆಟ್ಟಿಲು ನೆನಪಿದೆ, ಅದರ ತಂಪು ನೆನಪಿದೆ, ನಗು ಹೇಗಿತ್ತು ಎಂದು ನೆನಪಿಲ್ಲ. ಒಂದು ಬೆಳಿಗ್ಗೆ ಬಸ್ಸಿಗೆ ಓಡಿದ, ಹತ್ತಿದ, ಸೀಟು ಸಿಕ್ಕಿತು, ಕೂತ, ಕೊನೆಯ ನಿಲ್ದಾಣದಲ್ಲಿ ಕಂಡಕ್ಟರ್ ಭುಜ ಅಲ್ಲಾಡಿಸಿದ, ನಿದ್ದೆ ಅಂದುಕೊಂಡಿದ್ದನಂತೆ, ಅಷ್ಟೇ, ಎಷ್ಟು ಸಲ ಹೇಳಿಕೊಂಡರೂ ಅದು ಅಷ್ಟೇ ಇರುತ್ತದೆ, ಬೆಳೆಯುವುದೂ ಇಲ್ಲ, ಸವೆಯುವುದೂ ಇಲ್ಲ. ಆ ವಾರವೇ ಮಾವ ಸ್ಕ್ರೂಡ್ರೈವರ್ ತಂದು ನನ್ನ ಕೋಣೆಯ ಚಿಲಕ ಬಿಚ್ಚಿದರು, ಸಡಿಲ ಆಗಿತ್ತಮ್ಮ, ಹೊಸದು ಹಾಕಿಸ್ತೀನಿ, ಚಿಲಕ ಸಡಿಲವಾಗಿರಲಿಲ್ಲ, ಹೊಸದೂ ಬರಲಿಲ್ಲ, ಅವರು ಹೆದರಿದ್ದರು, ನಾನು ಒಳಗಿನಿಂದ ಚಿಲಕ ಹಾಕಿಕೊಂಡು ಏನಾದರೂ ಮಾಡಿಕೊಂಡೇನು ಎಂದು, ನನಗೆ ಆ ಯೋಚನೆ ಬಂದಿರಲಿಲ್ಲ, ಯಾವ ಯೋಚನೆಯೂ ಬಂದಿರಲಿಲ್ಲ, ಆದರೆ ಮಗನನ್ನು ಕಳೆದುಕೊಂಡವರಿಗೆ ಹೆದರಬೇಡಿ ಎಂದು ಯಾವ ಬಾಯಲ್ಲಿ ಹೇಳುವುದು. ಬಟ್ಟೆ ಬದಲಿಸುವಾಗ ಒಂದು ಕಾಲನ್ನು ಬಾಗಿಲಿಗೆ ಕೊಟ್ಟು ನಿಲ್ಲುತ್ತೇನೆ. ಮಲಗಿದ ಮೇಲೆ ಅತ್ತೆ ಬಾಗಿಲನ್ನು ಎರಡು ಬೆರಳಿನಷ್ಟು ಸರಿಸಿ ನೋಡುತ್ತಾರೆ, ಉಸಿರಾಡುತ್ತಿದ್ದೇನೆಯೇ ಎಂದು, ನಾನು ಸ್ವಲ್ಪ ಜೋರಾಗಿ ಉಸಿರಾಡುತ್ತೇನೆ, ಅವರಿಗೆ ಕೇಳಲಿ ಎಂದು, ಬಾಗಿಲು ಮುಚ್ಚಿಕೊಳ್ಳುತ್ತದೆ, ಆಮೇಲೆ ಮಾಮೂಲಿಗೆ ಬರುತ್ತೇನೆ.

ಇನ್ನೊಂದು ಮನೆ ಇದೆ. ಇದು ಇಲ್ಲಿರುವ ಯಾರಿಗೂ ಗೊತ್ತಿಲ್ಲ, ಲ್ಯಾಬಿನ ಹಿಂದಿನ ಬೀದಿಯಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ, ಮೆಟ್ಟಿಲ ತುಂಬ ಮಸಿಯ ವಾಸನೆ, ಒಂದು ಕೋಣೆ, ಒಂದು ಅಡುಗೆಮನೆ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಹೊರಗೆ ಹೋಗಬೇಕು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಬ್ಬಳೇ ಹೋಗಿ ನೋಡಿದೆ, ಮೀಟಿಂಗ್ ಇತ್ತು ಅತ್ತೆ, ಡಬ್ಬಿ ಹಾಗೇ ಉಳೀತು ಎಂದು ಮನೆಗೆ ಬಂದು ಸುಳ್ಳು ಹೇಳಿದೆ. ಮಾಲೀಕಳು ದಪ್ಪ ಹೆಂಗಸು, ಮೂರು ಮಹಡಿ ಹತ್ತಿ ಬಂದ ಏದುಸಿರು ಇಳಿಯುವ ಮೊದಲೇ ಕೇಳಿದಳು, ಯಾರ್ಯಾರು ಇರ್ತೀರಿ, ಒಬ್ಬಳೇ ಎಂದೆ, ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು, ಈಗ ಅಯ್ಯೋ ಅನ್ನುತ್ತಾಳೆ, ತಲೆ ಒಂದು ಕಡೆ ವಾಲಿಸುತ್ತಾಳೆ, ಎಷ್ಟು ವರ್ಷ ಆಯ್ತು, ಮಕ್ಕಳಿಲ್ವಾ ಎಂದು ಕೇಳುತ್ತಾಳೆ ಎಂದುಕೊಂಡೆ, ಅಂಥದ್ದೇನೂ ಅನ್ನಲಿಲ್ಲ, ಹಾಗಾದ್ರೆ ಸಿಲಿಂಡರ್ ಎತ್ತೋಕೆ ಕೆಳಗಿನ ಪ್ರೆಸ್ಸಿನವರನ್ನ ಕರೀರಿ, ಒಬ್ಬರೇ ಎಳೀಬೇಡಿ, ಸೊಂಟ ಹಿಡ್ಕೊಳ್ಳುತ್ತೆ, ಇಷ್ಟೇ. ಅವಳಿಗೆ ನಾನು ಸೊಂಟ ಇರುವ ಒಬ್ಬ ಗಿರಾಕಿ. ಅವಳು ಬಾಲ್ಕನಿಗೆ ಹೋದಾಗ ನೆಲದ ಮೇಲೆ ಮಲಗಿ ನೋಡಿದೆ, ಸೂರಿನಲ್ಲಿ ಒಂದು ಬಿರುಕು ಇತ್ತು, ಅದು ಯಾರ ಹಾಗೂ ಕಾಣಲಿಲ್ಲ, ಬರೀ ಬಿರುಕು, ಎದ್ದು ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ, ಬಾಲ್ಕನಿಯಿಂದ ಅವಳು ಕೂಗಿದಳು, ಏನು ಮೇಡಂ, ಸಿಕ್ಕಿ ಹಾಕ್ಕೊಂಡ್ರಾ, ಇಲ್ಲ, ಚಿಲಕ ಚೆನ್ನಾಗಿದೆ ಎಂದೆ. ಅವನು ಕಾಲಿಡದ ಮನೆ ಅದು. ಅವನು ಅವಿತುಕೊಂಡ ಮಂಚ ಅಲ್ಲಿಲ್ಲ, ಅವನ ಮಗ್ಗಿ ಇಲ್ಲ, ಅವನ ಎತ್ತರಕ್ಕೆ ಹೊಡೆದ ಮೊಳೆ ಇಲ್ಲ, ಅಲ್ಲಾದರೆ ಅವನನ್ನು ನಾನೇ ಎಲ್ಲಾದರೂ ಇಟ್ಟುಕೊಳ್ಳಬಹುದು, ನನಗೆ ಬೇಕಾದ ಕಡೆ, ಅಥವಾ ಇಡದೆ ಇರಬಹುದು, ಇದನ್ನು ಅವನ ತಾಯಿಗೆ ಹೇಗೆ ಹೇಳುವುದು. ಪ್ರಯತ್ನ ಮಾಡಲಿಲ್ಲವೆಂದಲ್ಲ, ಒಂದು ದಿನ ಅವರು ಒಗೆದ ಬಟ್ಟೆ ಮಡಿಸುತ್ತಿದ್ದರು, ಅತ್ತೆ, ನಾನು ಲ್ಯಾಬಿನ ಹತ್ತಿರ ಒಂದು — ಎನ್ನುವಷ್ಟರಲ್ಲಿ ತಿರುಗಿದರು, ಕೈಯಲ್ಲಿ ಅವನ ನೀಲಿ ಶರ್ಟ್, ಮುಗ್ಗಲು ವಾಸನೆ ಹಿಡಿಯಬಾರದೆಂದು ಆಗಾಗ ಒಗೆದು ಇಸ್ತ್ರಿ ಮಾಡಿ ಇಡುತ್ತಾರೆ, ಕಾಲರಿನ ಗುಂಡಿ ಹಾಕುತ್ತಾ, ಒಂದು ಏನಮ್ಮ ಎಂದರು, ಒಂದು ಒಳ್ಳೆ ಬಕೆಟ್ ಅಂಗಡಿ ಇದೆ ಎಂದೆ. ಮರುದಿನ ಎರಡು ಬಕೆಟ್ ತಂದೆ. ದಪ್ಪ ಹೆಂಗಸು ಇವತ್ತು ಸಂಜೆಯವರೆಗೆ ಕಾಯುತ್ತಾಳೆ, ಇನ್ನೊಬ್ಬರು ಕೇಳ್ತಿದ್ದಾರೆ ಮೇಡಂ, ನೀವು ಮೊದಲು ಬಂದವರು ಅಂತ ನಿಮಗೆ ಬಿಟ್ಟಿದ್ದೀನಿ, ನಾನೇ ಫೋನ್ ಮಾಡ್ತೀನಿ, ಹೂಂ ಅಥವಾ ಊಹೂಂ ಅಷ್ಟೇ ಹೇಳಿ, ಕಥೆ ಬೇಡ.

ಚಹಾ ಬಂತು, ಅತ್ತೆ ನನ್ನ ಕಪ್ಪಿಗೆ ಮಾತ್ರ ಸಕ್ಕರೆ ಕಡಿಮೆ ಹಾಕಿದ್ದಾರೆ, ಎಲ್ಲಿದ್ದರೂ ಮರೆಯುವುದಿಲ್ಲ, ನನ್ನ ಉಪಾಯ ಹೊಳೆದದ್ದು ಲ್ಯಾಬಿನಲ್ಲಿ, ಕೊಳವೆಯ ಮುಂದೆ ನಿಂತಿದ್ದಾಗ. ನಾನು ಬೇಡ ಅನ್ನಬೇಕಾಗಿಯೇ ಇಲ್ಲ. ಟೀಚರ್ ಬೇಡ ಅಂದರೆ ಸಾಕು. ಹೋದ ತಿಂಗಳು ಒಬ್ಬ ಬಂದಿದ್ದ, ಟೀಚರ್ ಕೇಳಿದ್ದಕ್ಕಿಂತ ಸ್ವಲ್ಪವೇ ಕಡಿಮೆ ಹೇಳಿದ, ಅಷ್ಟಕ್ಕೇ ಅವರು ಎದ್ದು ಬಾಗಿಲು ತೆಗೆದು ಹಿಡಿದರಂತೆ, ಮನೆ ಅಂದ್ಕೊಂಡ್ರಾ, ಹಳೇ ಪೇಪರ್ ಅಂದ್ಕೊಂಡ್ರಾ, ತೂಕಕ್ಕೆ ಹಾಕೋಕೆ, ಆ ಮಾತು ಮೆಟ್ಟಿಲ ಮೇಲೆಲ್ಲ ಕೇಳಿಸಿತ್ತು, ಅವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದ, ಒಂದ್ಮಾತು ಹಿಂದಿನಿಂದ ಕೊಡೆ ತಂದುಕೊಟ್ಟ, ಅಲ್ಲಿಗೆ ಮುಗಿಯಿತು, ಆಮೇಲೆ ಅವನು ಎಷ್ಟು ಜಾಸ್ತಿ ಕೊಡುತ್ತೇನೆಂದರೂ ಒಂದ್ಮಾತು ಕಿವಿಗೇ ಹಾಕಿಕೊಳ್ಳಲಿಲ್ಲವಂತೆ. ಹಾಗಾದರೆ ನಾನು ಅರ್ಧ ಹೇಳುತ್ತೇನೆ. ಕೇಳಿದ್ದರಲ್ಲಿ ಸರಿಯಾಗಿ ಅರ್ಧ, ನಾಚಿಕೆಯಾಗುವಂಥ ಬೆಲೆ, ಟೀಚರ್ ಬಾಗಿಲು ತೆಗೆಯುತ್ತಾರೆ, ಮಾವನಿಗೆ ತಲೆ ತಗ್ಗಿಸುವ ಹಾಗಾಗುತ್ತದೆ, ಅತ್ತೆ ಎರಡು ದಿನ ಮಾತಾಡುವುದಿಲ್ಲ, ಪಾಪ, ಅವಳಿಗೆ ಇದೆಲ್ಲ ಗೊತ್ತಾಗಲ್ಲ, ಓದಿದ್ದೊಂದು ಬಿಟ್ಟು ಏನೂ ಬರಲ್ಲ ಎಂದು ಕೊನೆಗೆ ಅವರೇ ಸಮಾಧಾನ ಮಾಡಿಕೊಳ್ಳುತ್ತಾರೆ, ನಿಯಮ ಒಂದೇ ಮಾತು, ಎರಡನೆಯದು ಇಲ್ಲ, ಈ ಮನೆ ತಾನಾಗಿ ಕೈ ತಪ್ಪುತ್ತದೆ, ನಾನು ಯಾರನ್ನೂ ಬಿಟ್ಟು ಹೋದಂತಾಗುವುದಿಲ್ಲ, ಹೋಗಲಿ ಬಿಡಿ ಮಾವ, ಬೇರೆ ಕಡೆ ನೋಡೋಣ, ಲ್ಯಾಬಿನ ಹತ್ತಿರ ಯಾವುದೋ ಇದೆಯಂತೆ — ಈ ವಾಕ್ಯವನ್ನೂ ಒಪ್ಪ ಮಾಡಿ ಇಟ್ಟುಕೊಂಡಿದ್ದೇನೆ, ಯಂತೆ ಎಂದೇ ಹೇಳಬೇಕು, ಇದೆ ಎನ್ನಬಾರದು. ಹೇಡಿಯ ಲೆಕ್ಕ, ಗೊತ್ತು. ಧೈರ್ಯದ ಲೆಕ್ಕವನ್ನು ಮೂರು ಸಲ ಮಾಡಲು ಹೋಗಿ ಮನೆಯಲ್ಲಿ ಆರು ಬಕೆಟ್ ಆಗಿವೆ.

ಸರಿ ಮೇಡಂ, ಒಂದ್ಮಾತು ಕಪ್ಪನ್ನು ನೆಲಕ್ಕಿಟ್ಟು ಕೈ ಒರೆಸಿಕೊಂಡ, ಯೋಚನೆ ಮಾಡಿಕೊಂಡೇ ಬಂದಿರ್ತೀರಿ, ಹೇಳಿ, ನಿಮ್ಮದೊಂದು ಮಾತು. ಮಾವ ಹುರಿದುಂಬಿಸುವ ಹಾಗೆ ತಲೆಯಾಡಿಸಿದರು, ಹೇಳಬೇಕಾದ ಅಂಕಿಯನ್ನು ಬೆಳಿಗ್ಗೆ ತಿಂಡಿಯ ಹೊತ್ತಿಗೇ ನನಗೆ ಹೇಳಿಕೊಟ್ಟಿದ್ದರು, ಪರೀಕ್ಷೆಗೆ ಹೋಗುವ ಮಗುವಿಗೆ ಹೇಳಿದ ಹಾಗೆ, ನಾನು ಟೀಚರ ಮುಖ ನೋಡಬಾರದೆಂದುಕೊಂಡು ಅವರ ಪಾದ ನೋಡಿದೆ, ಊದಿದ ಪಾದ, ಹೆಬ್ಬೆರಳಿಗೆ ಬ್ಯಾಂಡೇಜ್, ಹೇಳಿದೆ. ಅರ್ಧ. ನನ್ನ ದನಿ ಲ್ಯಾಬಿನಲ್ಲಿ ರಿಪೋರ್ಟ್ ಓದುವ ದನಿಯಂತೆಯೇ ಇತ್ತು. ಅಡುಗೆಮನೆಯಲ್ಲಿ ಹನಿ ನಿಂತಿತ್ತು, ಅತ್ತೆ ನಲ್ಲಿ ಬಿಗಿಯಾಗಿ ಮುಚ್ಚಿ ಬಂದಿದ್ದರು, ಮಾವನ ಕಿವಿ ಕೆಂಪಾಗಿದ್ದು ಓರೆಗಣ್ಣಿಗೆ ಕಂಡಿತು, ಏನಮ್ಮ ಇದು, ಅವಳು ತಪ್ಪಿ — ಅವರು ಮಾತು ಮುಗಿಸುವಷ್ಟರಲ್ಲಿ ಒಂದ್ಮಾತು ಅಂಗೈ ಎತ್ತಿದ, ಯಜಮಾನ್ರೇ, ಮಾತು ಆಗಿಹೋಯ್ತು, ಅವನೂ ಟೀಚರ ಕಡೆ ನೋಡದೆ ತನ್ನ ಚಪ್ಪಲಿ ಎಲ್ಲಿದೆ ಎಂದು ನೋಡಿದ, ಅತ್ತೆಯ ಕೈ ನನ್ನ ಮೊಣಕಾಲಿನ ಮೇಲಿತ್ತು, ಹಾಗೇ ಬಿಗಿಯಾಯಿತು, ಈಗ ಏಳುತ್ತಾರೆ, ಈಗ ಬಾಗಿಲು, ನಾನು ಒಳಗೊಳಗೆ ಆಗಲೇ ಮೆಟ್ಟಿಲು ಇಳಿಯುತ್ತಿದ್ದೆ, ಮಸಿಯ ವಾಸನೆಯ ಇನ್ನೊಂದು ಮೆಟ್ಟಿಲು ಹತ್ತುತ್ತಿದ್ದೆ. ಟೀಚರ್ ಕನ್ನಡಕ ತೆಗೆದರು, ಒರೆಸಿದರು, ಇನ್ನೊಂದ್ಸಲ ಹೇಳು ಎಂದರು, ತರಗತಿಯಲ್ಲಿ ಹಿಂದಿನ ಬೆಂಚಿನವರನ್ನು ಕೇಳುವ ಹಾಗೆ, ಇನ್ನೊಂದು ಸಲ ಹೇಳಿದೆ. ಅವರು ಕನ್ನಡಕ ಹಾಕಿಕೊಂಡರು. ಆಯ್ತು, ಕೊಟ್ಟೆ.

ನನಗೆ ಅರ್ಥವಾಗಲಿಲ್ಲ, ಊಹೂಂ ಎನ್ನುವುದನ್ನು ಹೀಗೂ ಹೇಳುತ್ತಾರೇನೋ ಎಂದುಕೊಂಡೆ, ಮಾವ ಎದ್ದು ನಿಂತುಬಿಟ್ಟರು, ಬೇಡ ಟೀಚರ್, ಅವಳಿಗೆ ಗೊತ್ತಾಗಲಿಲ್ಲ, ಉಳಿದದ್ದು ನಾನು ಸೇರಿಸ್ತೀನಿ, ನೀವು ನಷ್ಟ ಮಾಡ್ಕೋಬೇಡಿ, ಟೀಚರ್ ಒಂದ್ಮಾತಿನ ಕಡೆ ತಿರುಗಿ, ಏನಪ್ಪಾ ನಿನ್ನ ರೂಲು, ಒಂದು ಮಾತು ಅಂದ್ರೆ ಒಂದು ತಾನೆ, ನನ್ನದೂ ಆಯ್ತು, ಎರಡು ಕೋಣೆ ಮನೆ ಹುಡುಕ್ತಿದ್ದೆ, ಈ ಮುದಿ ಮಂಡಿಗೆ ಒಂದು ಕೋಣೆ ಸಾಲದಾ, ಗುಡಿಸೋದೂ ಕಡಿಮೆ. ಆಮೇಲೆ ನನ್ನ ಕಡೆ ತಿರುಗಿದರು, ಆಗ ಅವರ ಮುಖ ನೋಡಲೇಬೇಕಾಯಿತು, ಅವನು ಹೋದಾಗಿಂದ ನಾನು ಇಲ್ಲಿ, ಈ ಮಂಚದ ಮೇಲೆ, ಗೋಡೆಗೆ ಕಿವಿ ಕೊಟ್ಟು ಮಲಗ್ತೀನಿ ಕಣಮ್ಮ, ಇವತ್ತಾದ್ರೂ ಅಳ್ತಾಳೇನೋ, ಇವತ್ತಾದ್ರೂ ಅಳ್ತಾಳೇನೋ ಅಂತ, ಒಂದು ದಿನಾನೂ ಅಳಲಿಲ್ಲ ನೀನು. ಈ ಮನೆಗೆ ಬಂದು ಒಂದ್ಸಲ ಜೋರಾಗಿ ಅತ್ತುಬಿಡು. ಕೇಳಿಸ್ಕೊಳ್ಳೋಕೆ ನಾನಿರಲ್ಲ. ಅತ್ತೆ ಮೊಣಕಾಲಿನಿಂದ ಕೈ ತೆಗೆದು ಮುಖ ಮುಚ್ಚಿಕೊಂಡರು, ಮಾವ ಗೋಡೆಯ ಕಡೆ ತಿರುಗಿ ನಿಂತರು, ಅವರ ಭುಜ ಅಲ್ಲಾಡಿತು, ಅಳಬೇಕಾದವಳು ನಾನು, ನಾನು ಚಹಾದ ಕಪ್ಪನ್ನು ತಟ್ಟೆಯ ಸರಿನಡುವೆ ಇಡಲು ನೋಡುತ್ತಿದ್ದೆ. ಬೇಡ ಎನ್ನಲು ಇದೇ ಹೊತ್ತು, ಟೀಚರ್, ಬೇಡ, ನಾನು ನಿಮಗೆ ಅವಮಾನ ಮಾಡಲೆಂದೇ ಹೇಳಿದ್ದು, ನೀವು ನನ್ನನ್ನು ಓಡಿಸಲೆಂದು — ಆ ವಾಕ್ಯವನ್ನು ಯಾರೂ ಎಲ್ಲೂ ಆಡಿರಲಾರರು, ಅದಕ್ಕೆ ಬೇಕಾದ ಬಾಯಿಯೇ ಬೇರೆ ಇರಬೇಕು, ಪೂರ್ತಿ ಬೆಲೆಗೆ ಕೊಂಡಿದ್ದರೆ ಮುಂದೆ ಎಂದಾದರೂ ಮಾರಿ ಹೋಗಬಹುದಿತ್ತು, ಅವರು ಒಂದು ಕೋಣೆ ಕಡಿಮೆ ಮಾಡಿಕೊಂಡು ಕೊಟ್ಟದ್ದನ್ನು ಮಾರುವುದು ಹೇಗೆ, ಬಾಡಿಗೆಗೆ ಕೊಡುವುದು ಹೇಗೆ, ಕದ ಹಾಕಿಕೊಳ್ಳುವುದು ಹೇಗೆ. ಒಂದ್ಮಾತು ಮೂಗು ಒರೆಸಿಕೊಂಡು, ಮೇಡಂ, ಆ ನೀರು ಗೀರು ಬಿಡಿ, ನಮ್ಮ ಕಸುಬಿಗೆ ಬನ್ನಿ, ಇಷ್ಟು ವರ್ಷದಲ್ಲಿ ಈ ಧೈರ್ಯ ನಾನು ನೋಡಿಲ್ಲ, ಎಂದ, ಎಲ್ಲರೂ ಅಳುವಿನ ಮಧ್ಯೆ ನಕ್ಕರು, ಪಾಪ ಅಂದ್ಕೊಂಡಿದ್ದೆ, ಎಷ್ಟು ಜಾಣೆ ನೋಡಿ, ಅತ್ತೆಗೆ ಹೆಮ್ಮೆ, ಅವರು ನನ್ನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಮಗನಿಗೆ ನೌಕರಿ ಸಿಕ್ಕಾಗ ಹೀಗೇ ಹಿಡಿದುಕೊಂಡಿದ್ದರಂತೆ.

ಈಗಲೇ ಬಾಗಿಲಿನ ಗುರುತು ಹಾಕಿಬಿಡೋಣ ಎಂದರು ಮಾವ, ಅತ್ತದ್ದನ್ನು ಮರೆಸಲು ಏನಾದರೂ ಕೆಲಸ ಬೇಕಾಗಿತ್ತು ಅವರಿಗೆ, ಒಂದ್ಮಾತು ಮತ್ತು ಅವರು ಸೇರಿ ಮಂಚ ಎಳೆದರು, ಮಂಚದ ಕೆಳಗೆ ಏನಾದರೂ ಇದ್ದೀತೆಂದು ನೋಡಿದೆ, ಧೂಳು, ಒಂದು ಹೇರ್‌ಪಿನ್, ಮಾವ ಬೆರಳಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋದರು, ಟಕ್ ಟಕ್, ಇಲ್ಲಿ ಗಟ್ಟಿ, ಟಕ್ ಟಕ್, ಇಲ್ಲಿ ಕಂಬ, ಆಚೆ ನಿನ್ನ ಬೀರು ಎಲ್ಲಿಗೆ ಬರುತ್ತಮ್ಮ, ನನ್ನ ನಾಲಿಗೆ ಏಳುವ ಮೊದಲೇ ಅತ್ತೆ, ನಾನು ಆ ಕಡೆಯಿಂದ ತಟ್ಟಿ ತೋರಿಸ್ತೀನಿ ತಾಳಿ ಎಂದು ಹೊರಟೇಬಿಟ್ಟರು, ಮಂಡಿನೋವು ಅವರಿಗೂ ಇದೆ, ಇವತ್ತು ಇಲ್ಲ, ಹೊರಬಾಗಿಲು, ನಮ್ಮ ಬಾಗಿಲು, ನನ್ನ ಕೋಣೆಯ ಬಾಗಿಲು, ಹೆಜ್ಜೆಯ ಸದ್ದು ಒಂದೊಂದನ್ನೇ ದಾಟಿ ಹೋದದ್ದು ಕೇಳಿಸಿತು. ಬಾಮ್ಮ, ಇಲ್ಲಿ ನಿಲ್ಲು, ಗೋಡೆಗೆ ಬೆನ್ನು ಕೊಡು, ಎತ್ತರ ನಿನ್ನ ಲೆಕ್ಕಕ್ಕೇ ಇಡೋಣ, ಓಡಾಡೋಳು ನೀನು ತಾನೆ, ನಾನು ಎದ್ದೆ, ಯಾರ ಮೊಣಕಾಲೂ ಅಡ್ಡ ಇರಲಿಲ್ಲ, ಬಾಗಿಲು ಹಾರುಹೊಡೆದಿತ್ತು, ಅತ್ತೆ ಹಾಗೇ ಬಿಟ್ಟು ಹೋಗಿದ್ದರು, ನಾನು ಗೋಡೆಯ ಕಡೆ ನಡೆದೆ. ಮಾವ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದರು, ನನ್ನ ತಲೆಯ ಮೇಲೆ ಒಂದು ಗೇಣು ಬಿಟ್ಟು ಅಡ್ಡಗೆರೆ ಎಳೆದರು, ಸುಣ್ಣದ ಪುಡಿ ಕೂದಲಿಗೆ ಬಿತ್ತು, ಆಮೇಲೆ ಬಲಗಡೆ ಮೇಲಿನಿಂದ ಕೆಳಕ್ಕೆ, ತೋಳಿನ ಪಕ್ಕದಲ್ಲೇ, ಎಷ್ಟು ನೇರ ಅವರ ಗೆರೆ, ಸ್ಕೇಲ್ ಬೇಕಾಗುವುದಿಲ್ಲ, ಸೇತುವೆ ಬರೆದ ಕೈ. ಸೋಫಾದ ಮೇಲೆ ನನ್ನ ಚೀಲದೊಳಗೆ ಫೋನ್ ಗುಂಯ್‌ಗುಡುತ್ತಿದೆ, ಹೂಂ ಅಥವಾ ಊಹೂಂ, ಟೀಚರ್ ಹೇಳಿದರು, ನಿನ್ನ ಫೋನಮ್ಮ, ತರಲಾ, ಮಾವ ಹೇಳಿದರು, ಅಲ್ಲಾಡಬೇಡ, ಇನ್ನೊಂದು ಕಡೆ ಇದೆ. ನಾನು ಅಲ್ಲಾಡಲಿಲ್ಲ. ಟಕ್. ಆಚೆಯಿಂದ, ಭುಜದ ಹತ್ತಿರ, ಗೋಡೆ ಇಷ್ಟು ತೆಳು ಎಂದು ಗೊತ್ತಿರಲಿಲ್ಲ, ಟಕ್ ಟಕ್, ಇನ್ನೂ ಈ ಕಡೆ ಎಂದು ಮಾವ ಕೂಗಿದರು, ಟಕ್, ಸೊಂಟದ ಹತ್ತಿರ, ಮೇಲೆ, ಸ್ವಲ್ಪ ಮೇಲೆ, ಟಕ್ ಟಕ್, ಸಿಕ್ಕಿತು, ಎರಡು ಹೆಗಲಮೂಳೆಯ ಸರಿನಡುವೆ, ಬಟ್ಟೆ ದಾಟಿ, ಚರ್ಮ ದಾಟಿ, ಟಕ್ ಟಕ್, ಗೋಡೆಯೊಳಗಿಂದ ಅತ್ತೆಯ ದನಿ, ಇಲ್ಲೇ ಇದ್ದೀಯಾ. ಹೂಂ ಅನ್ನಮ್ಮ, ಅವಳಿಗೆ ಕೇಳ್ಲಿ ಎಂದರು ಮಾವ, ಎಡಗಡೆಯ ಗೆರೆ ಕೆಳಗೆ ಇಳಿಯುತ್ತಿದೆ, ತೋಳು, ಮೊಣಕೈ, ಬೆರಳು, ಫೋನ್ ನಿಂತಿತು, ಟೀಚರ್ ನೋಡುತ್ತಿದ್ದಾರೆ, ಒಂದ್ಮಾತು ನೋಡುತ್ತಿದ್ದಾನೆ, ಬಾಯಿ ತೆರೆದರೆ ಒಂದು ಅಕ್ಷರ ಸಾಕು, ಯಾವುದಾದರೂ ಒಂದು, ಟಕ್ ಟಕ್, ಇಲ್ಲೇ ಇದ್ದೀಯಾ, ಗೆರೆ ನೆಲ ಮುಟ್ಟಿತು, ಬೆನ್ನಿನ ನಡುವೆ ಅತ್ತೆಯ ಬೆರಳು, ಟಕ್, ಬೆನ್ನಿನ ನಡುವೆ, ಅತ್ತೆಯ ಬೆರಳು, ಟಕ್ —